‘ಇವರು’ ಅಂದರೆ ಯಾರು

“ಇಡೀ ಸಂಜೆ ಹಿತ್ತಲಲ್ಲೇ ಇದ್ರು ಸ್ವಾಮಿ. ನೀರಿನ ಪಂಪು ಕೆಟ್ಟಿತ್ತು. ಅದನ್ನ ಬಿಚ್ಚಿ ಹರಡಿಕೊಂಡು ಕೂತಿದ್ರು. ನಾನು ಮೇಲಿನ ಕಿಟಕಿಯಿಂದ ನೋಡ್ತಾನೇ ಇದ್ದೆ.”

ಸಾಕ್ಷಿಕಟ್ಟೆಯಲ್ಲಿ ನಿಂತ ಮೇಲ್ಮನೆಯ ಬಾಡಿಗೆದಾರಳು ಇಷ್ಟು ಹೇಳಿ ತುಟಿ ಒದ್ದೆ ಮಾಡಿಕೊಂಡಳು. ಗೋಡೆ ಪಕ್ಕದ ಬೆಂಚಿನಲ್ಲಿ ಕೂತಿದ್ದ ಟೈಲರಮ್ಮ ಕಣ್ಣು ಮುಚ್ಚಿಕೊಂಡಳು.

ಗಂಡ ಅವಳ ಹತ್ತಿರ ಸುಳಿಯಬಾರದೆಂಬ ಮಧ್ಯಂತರ ಆದೇಶದ ಆಯುಸ್ಸು ಇವತ್ತಿಗೆ ಮುಗಿಯುತ್ತಿತ್ತು. ಆದೇಶ ಇದ್ದಾಗಲೇ ಕಳೆದ ವಾರ, ಅವಳು ಹೊಲಿದ ಬಟ್ಟೆ ಕೊಡಲು ಹೋಗಿದ್ದ ಹೊತ್ತಿನಲ್ಲಿ, ಅವಳ ಬಾಡಿಗೆ ಕೋಣೆಗೆ ಯಾರೋ ನುಗ್ಗಿ ಗಿರಾಕಿಗಳ ಬಟ್ಟೆಗಳನ್ನೆಲ್ಲ ಕತ್ತರಿಸಿ ಹಾಕಿದ್ದರು. ಹೊಲಿಗೆ ಯಂತ್ರದ ಬೆಲ್ಟನ್ನೂ ಬಿಟ್ಟಿರಲಿಲ್ಲ. ಅದು ಗಂಡನ ಕೆಲಸ ಎಂದು ಸಾಬೀತಾದರೆ ಆದೇಶ ಕಾಯಂ ಆಗಿ ಅವಳೂ ಮಗಳೂ ತಮ್ಮ ಮನೆಗೆ ಹಿಂತಿರುಗಬಹುದಿತ್ತು. ಆಗದಿದ್ದರೆ ಆದೇಶ ಇವತ್ತಿಗೇ ಬಿದ್ದುಹೋಗುತ್ತಿತ್ತು. “ತನ್ನ ಬಟ್ಟೆ ತಾನೇ ಕತ್ತರಿಸಿಕೊಂಡು ನಾಟಕ ಆಡುತ್ತಿದ್ದಾಳೆ” ಎಂದು ಗಂಡನ ಪರ ವಕೀಲರು ಬೆಳಗ್ಗೆಯೇ ಹೇಳಿ ಮುಗಿಸಿದ್ದರು. ಅವರ ದನಿ ಗೇಟಿನವರೆಗೂ ಕೇಳುತ್ತಿದ್ದುದರಿಂದ ಕೋರ್ಟಿನವರೆಲ್ಲ ಅವರನ್ನು ಗಂಟೆ ವಕೀಲರು ಎನ್ನುತ್ತಿದ್ದರು.

ಸಾಕ್ಷಿಕಟ್ಟೆಯ ಪಕ್ಕದ ಕುರ್ಚಿಯಲ್ಲಿ ರಕ್ಷಣಾಧಿಕಾರಿ ಕೂತಿದ್ದಳು. ಹೊಡೆತ ತಿಂದು ಬಂದ ಹೆಂಗಸರ ಅರ್ಜಿ ಬರೆಸುವುದು, ಮನೆ ನೋಡಿ ಬಂದು ನ್ಯಾಯಾಲಯಕ್ಕೆ ವರದಿ ಕೊಡುವುದು ಅವಳ ಕೆಲಸ. ವಿಚಾರಣೆ ನಡೆಯುವಾಗ ನ್ಯಾಯಾಧೀಶರು ಕೇಳದೆ ಬಾಯಿ ತೆರೆಯುವಂತಿರಲಿಲ್ಲ. ಬಾಯಿ ಮುಚ್ಚಿ ಮುಚ್ಚಿ ಕಿವಿ ಬೆಳೆದಿದೆ ಎಂದು ಕಚೇರಿಯಲ್ಲಿ ಅವಳನ್ನು ಗೇಲಿ ಮಾಡುತ್ತಿದ್ದರು.

ಆ ಕೋಣೆಯನ್ನು ಅವಳು ನೋಡಿದ್ದಳು. ಹೊಲಿಯುವವಳು ಎಷ್ಟೇ ಸಿಟ್ಟಿನಲ್ಲಿದ್ದರೂ ಬಟ್ಟೆಯನ್ನು ಹಾಗೆ ಕತ್ತರಿಸುವುದಿಲ್ಲ. ಕೈ ತಾನಾಗಿ ಹೊಲಿಗೆಯ ಜಾಡು ಹಿಡಿಯುತ್ತದೆ. ಅಲ್ಲಿ ಕತ್ತರಿ ಅಡ್ಡಾದಿಡ್ಡಿ ಓಡಿತ್ತು. ವರದಿಯಲ್ಲಿ ಅವಳು ಅದನ್ನೇ ಬರೆದಿದ್ದಳು. ಅದು ಅಭಿಪ್ರಾಯ, ಸಾಕ್ಷ್ಯವಲ್ಲ ಎಂದು ಗಂಟೆ ವಕೀಲರು ಒಂದೇ ಏಟಿಗೆ ತಳ್ಳಿಹಾಕಿದ್ದರು. ನೆರೆಯವರು ನೋಡಿದ್ದು ಒಬ್ಬ ಗಂಡಸಿನ ಬೆನ್ನು ಮಾತ್ರ. ಬೆನ್ನು ನೋಡಿ ಗುರುತು ಹೇಳುವವರು ಯಾರು?

ಈಗ ಈ ಬಾಡಿಗೆದಾರಳು. ಟೈಲರಮ್ಮ ಮನೆ ಬಿಟ್ಟ ಮೇಲೆ ಅದೇ ಮನೆಯ ಮಹಡಿಯಲ್ಲಿದ್ದ ಮೇಲ್ಮನೆಗೆ ಬಾಡಿಗೆಗೆ ಬಂದವಳು. ಎರಡೂ ಕಡೆಯವರಿಗೆ ಏನೂ ಆಗಬೇಕಾಗಿಲ್ಲದವಳು. ಅವಳ ಮಾತನ್ನು ನ್ಯಾಯಾಧೀಶರು ನಂಬದಿರಲು ಕಾರಣವೇ ಇರಲಿಲ್ಲ.

ಅಷ್ಟರಲ್ಲಿ ಗಂಡನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ನ್ಯಾಯಾಧೀಶರು ಹುಬ್ಬು ಗಂಟಿಕ್ಕಿದರು. ಅವನು ತಲೆ ಬಗ್ಗಿಸಿ ಕ್ಷಮೆ ಕೇಳುವವನಂತೆ ಕೈಮುಗಿದು ಹೊರಗೆ ಹೋದ.

“ಆವತ್ತು ಸಂಜೆ ಒಮ್ಮೆಯಾದರೂ ಹೊರಗೆ ಹೋಗಿದ್ರಾ?” ಗಂಟೆ ವಕೀಲರು ಕೇಳಿದರು.

“ಇಲ್ಲ. ಸಂಜೆ ಹೊತ್ತು ರಸ್ತೇಲಿ ಓಡಾಡಿದ್ರೆ ಇವರಿಗೆ ಧೂಳು ಆಗಲ್ಲ. ಮೂಗು ಕಟ್ಟಿಬಿಡುತ್ತೆ.”

ನ್ಯಾಯಾಧೀಶರು ಟೈಪಿಸ್ಟನ ಕಡೆ ವಾಲಿ ಉಕ್ತಲೇಖನ ಕೊಟ್ಟರು. “ಎದುರುದಾರರಿಗೆ ಧೂಳಿನ ತೊಂದರೆ ಇರುವುದರಿಂದ ಅವರು ಸಂಜೆಯ ವೇಳೆ ಹೊರಗೆ ಹೋಗುವುದಿಲ್ಲ.”

ಕೀಲಿಗಳು ಟಕಟಕ ಎಂದವು.

ರಕ್ಷಣಾಧಿಕಾರಿಯ ಕೈಯಲ್ಲಿದ್ದ ಪೆನ್ನು ನಿಂತಿತು. ಅವಳು ಗಂಡನ ಕುರ್ಚಿಯ ಕಡೆ ತಿರುಗಿ ನೋಡಿದಳು. ಖಾಲಿ ಇತ್ತು. ಬಾಗಿಲ ಹೊರಗೂ ಅವನ ನೆರಳಿರಲಿಲ್ಲ.

ಅವಳು ಮೆಲ್ಲಗೆ, ತನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ನಕ್ಕಳು.

* * *

ಊಟದ ಬಿಡುವಿನಲ್ಲಿ ಮೂವರೂ ಮೆಟ್ಟಿಲ ಕೆಳಗಿನ ಬೆಂಚಿನಲ್ಲಿ ಸೇರಿದರು. ಟೈಲರಮ್ಮನ ಪರವಾಗಿ ಉಚಿತ ಕಾನೂನು ನೆರವಿನಿಂದ ಬಂದಿದ್ದ ಹುಡುಗಿ ಚೋಟುದ್ದ ಇದ್ದಳು. ಕಪ್ಪು ಕೋಟು ಮೊಣಕಾಲಿನ ತನಕ ಬರುತ್ತಿತ್ತು. ಚೋಟು ವಕೀಲೆ ಎಂದೇ ಅವಳ ಹೆಸರಾಗಿತ್ತು. ಅವಳು ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ, ತಿನ್ನುವುದನ್ನೇ ಮರೆತು ಕೂತಿದ್ದಳು.

“ಮುಗೀತಲ್ಲ ಅಕ್ಕ,” ಎಂದಳು ಟೈಲರಮ್ಮ. “ಯಾರೋ ಏನೋ, ಅವಳಿಗೆ ನಾನೇನು ಮಾಡಿದ್ದೆ?”

“ನಿನ್ನನ್ನ ಒಂದು ಮಾತು ಕೇಳ್ತೀನಿ,” ಎಂದಳು ರಕ್ಷಣಾಧಿಕಾರಿ. “ಸಂಸಾರ ಮಾಡ್ತಿದ್ದಾಗ ಗಂಡನ್ನ ಏನಂತ ಕರೀತಿದ್ದೆ?”

“ಇದೇನು ಈಗ? ಎದುರಿಗಿದ್ರೆ ‘ಏನೂಂದ್ರೆ’. ಬೇರೆಯವರ ಹತ್ರ ‘ಇವರು’.”

“ಅವನು ಊರಲ್ಲೇ ಇಲ್ಲದಿದ್ರೂ?”

“ಊರಲ್ಲಿಲ್ಲದಿದ್ರೂ ಇವರೇ.” ಅವಳಿಗೇ ನಗು ಬಂತು. “ಸಮುದ್ರದಾಚೆ ಹೋಗಿದ್ರೂ ಇವರೇ. ‘ಅವರು’ ಅಂದ್ರೆ ಬೇರೆ ಯಾರನ್ನೋ ಹೇಳಿದ ಹಾಗೆ ಆಗೋದು.”

“ಈಗ?”

“ಈಗ ಅವನು.”

“ಯಾವತ್ತಿಂದ?”

ಟೈಲರಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಡಿಸಿದಳು. “ಮಗಳ ಎದುರಿಗೆ ಹೊಡೆದ್ನಲ್ಲ, ಆವತ್ತು. ಸ್ಟೇಷನ್‌ನಲ್ಲಿ ಹೇಳೋಕೆ ಬಾಯಿ ತೆಗೆದೆ, ‘ಅವನು’ ಅಂತ ಬಂತು. ನನಗೇ ಹೆದರಿಕೆ ಆಯ್ತು ಅಕ್ಕ. ಯಾರಾದ್ರೂ ಕೇಳಿಸಿಕೊಂಡ್ರೇನೋ ಅಂತ ಹಿಂದೆ ತಿರುಗಿ ನೋಡಿದೆ. ಆಮೇಲೆ ಎದೆ ಮೇಲಿಂದ ಏನೋ ಇಳಿದ ಹಾಗಾಯ್ತು.”

ರಕ್ಷಣಾಧಿಕಾರಿ ತಲೆಯಾಡಿಸಿದಳು. ಅವಳ ಮುಂದೆ ಕೂತು ಅರ್ಜಿ ಬರೆಸಿದ ಎಷ್ಟೋ ಹೆಂಗಸರ ಬಾಯಲ್ಲಿ ಈ ಒಂದು ಪದ ಬದಲಾಗುವುದನ್ನು ಅವಳು ಕಂಡಿದ್ದಳು. ಕೆಲವರಿಗೆ ವರ್ಷಗಳೇ ಹಿಡಿದಿದ್ದವು. ಮೂಗೇಟು, ಮೈಯೇಟು ತೋರಿಸುವಾಗಲೂ ‘ಇವರು ಹೊಡೆದ್ರು’ ಎನ್ನುತ್ತಿದ್ದವರು, ಒಂದು ದಿನ ಬಂದು ‘ಅವನು’ ಎಂದಾಗ, ಇನ್ನು ಅರ್ಜಿ ವಾಪಸಾಗುವುದಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು.

ಚೋಟು ವಕೀಲೆ ಬಾಳೆಹಣ್ಣು ಕೆಳಗಿಟ್ಟಳು. “ಮೇಡಂ. ಆಕೆ ‘ಇವರಿಗೆ ಧೂಳು ಆಗಲ್ಲ’ ಅಂದ್ಲಲ್ವಾ?”

“ಅಂದ್ಲು. ಅವನು ಹೊರಗೆ ಹೋಗಿದ್ದಾಗ.”

“ದಾಖಲೆಯಲ್ಲಿ ‘ಎದುರುದಾರರು’ ಅಂತಾಗಿದೆ.”

“ಯಾವಾಗಲೂ ಹಾಗೇ. ಸಾಕ್ಷಿ ಇವರು ಅನ್ನಲಿ, ಅವರು ಅನ್ನಲಿ, ಆ ಪಾಪಿ ಅನ್ನಲಿ, ಟೈಪಾಗೋದು ಎದುರುದಾರರು. ಅದಕ್ಕೇ ಮತ್ತೆ ಅನ್ನಿಸಬೇಕು.”

“ಈಗ ಅವನು ಒಳಗೇ ಕೂತಿರ್ತಾನೆ. ಎದುರಿಗಿದ್ದಾರೆ, ಅದಕ್ಕೇ ಇವರು ಅಂದೆ ಅಂದ್ರೆ?”

“ನಾನೂ ಎದುರಿಗೇ ಇರ್ತೀನಿ. ಗಂಟೆ ವಕೀಲರೂ ಇರ್ತಾರೆ. ನಮ್ಮನ್ನ ಏನಂತಾಳೆ ನೋಡು. ಗಂಡ ಬೇರೆ ಊರಲ್ಲಿ ಕೆಲಸದಲ್ಲಿದ್ದಾನೆ ಅಂತ ಹೇಳಿದ್ದಾಳಲ್ಲ, ಅವನನ್ನ ಏನಂತಾಳೆ, ಅದನ್ನೂ ನೋಡು.”

“ಬಾಡಿಗೆಯವರು ಮನೆ ಓನರನ್ನ ಏನಂತಾರೆ ಮೇಡಂ?”

“ಓನರು ಅಂತಾರೆ. ನೀರು ಬಿಡದಿದ್ರೆ ಬೇರೆ ಏನೇನೋ ಅಂತಾರೆ. ಇವರು ಅನ್ನಲ್ಲ.”

ಟೈಲರಮ್ಮನ ಮುಖದಲ್ಲಿ ಹೊಟ್ಟೆಕಿಚ್ಚು ಮೂಡಬಹುದೆಂದು ರಕ್ಷಣಾಧಿಕಾರಿ ಕಾದಳು. ಆ ಮುಖದಲ್ಲಿ ಬೇರೆಯೇ ಏನೋ ನಡೆಯುತ್ತಿತ್ತು. ಅವಳು ಎದುರು ವರಾಂಡದ ಕೊನೆಯಲ್ಲಿ ಒಬ್ಬಳೇ ನಿಂತಿದ್ದ ಮೇಲ್ಮನೆಯವಳನ್ನು ಬಹಳ ಹೊತ್ತು ನೋಡಿದಳು. ಸೆಕೆಯಲ್ಲೂ ಆಕೆಯ ರವಿಕೆಯ ತೋಳು ಮಣಿಕಟ್ಟಿನವರೆಗೆ ಇತ್ತು.

“ನಾನೂ ಉದ್ದ ತೋಳೇ ಹೊಲಿಸ್ಕೊಳ್ತಿದ್ದೆ,” ಎಂದಳು ಟೈಲರಮ್ಮ.

* * *

“ನಿಮ್ಮ ಯಜಮಾನರು ಕುಡಿಯೋದು ಟೀನೋ ಕಾಫಿನೋ?”

ಚೋಟು ವಕೀಲೆಯ ಮೊದಲ ಪ್ರಶ್ನೆಗೇ ಗಂಟೆ ವಕೀಲರು ಎದ್ದು ನಿಂತರು. “ಸ್ವಾಮಿ, ಇದೇನು ಹೋಟೆಲ್ಲೇ?”

“ಕೇಳಲಿ ಬಿಡಿ,” ಎಂದರು ನ್ಯಾಯಾಧೀಶರು. “ಉತ್ತರ ಹೇಳೋಕೆ ಕಷ್ಟವೇನಿಲ್ಲವಲ್ಲ.”

ಮೇಲ್ಮನೆಯವಳು ತಡವರಿಸಿದಳು. “ನನ್ನ ಗಂಡ... ಟೀ ಕುಡೀತಾರೆ.”

“ಬೆಳಗ್ಗೆ ನಿಮ್ಮನ್ನ ಪ್ರಶ್ನೆ ಕೇಳಿದ ವಕೀಲರನ್ನ ಮುಂಚೆ ನೋಡಿದ್ರಾ?”

“ಅವರನ್ನ ಇವತ್ತೇ ನೋಡಿದ್ದು.”

ಗಂಟೆ ವಕೀಲರು ಅವಳಿಗೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದರು. ರಕ್ಷಣಾಧಿಕಾರಿ ಮೇಜಿನ ಕೆಳಗೆ ಬೆರಳು ಮಡಿಚಿದಳು.

“ರಾತ್ರಿ ಗೇಟಿಗೆ ಬೀಗ ಯಾರು ಹಾಕ್ತಾರೆ?”

“ಇವರೇ.”

“ಪಂಪು ಕೆಟ್ರೆ ರಿಪೇರಿಯವರನ್ನ ಕರೆಸಲ್ವಾ?”

“ಇವರು ಯಾರನ್ನೂ ಮನೆಗೆ ಸೇರಿಸಲ್ಲ.”

“ನಿಮ್ಮ ಮೇಲ್ಮನೆಯ ಕಸ?”

“ಬೆಳಗ್ಗೆ ಕೆಲಸಕ್ಕೆ ಹೋಗ್ತಾ ಇವರೇ ತಗೊಂಡು ಹೋಗ್ತಾರೆ.”

“ಬಾಡಿಗೆಯವರ ಕಸ ಓನರೇ ಹೊತ್ಕೊಂಡು ಹೋಗ್ತಾರಾ? ಅಂಥ ಓನರು ನನಗೂ ಒಬ್ಬರು ಬೇಕಿತ್ತು.”

ಹಿಂದಿನ ಬೆಂಚುಗಳಲ್ಲಿ ನಗೆ ಎದ್ದಿತು. ಬಾಗಿಲಲ್ಲಿ ನಿಂತಿದ್ದ ದಲಾಯತನೂ ಮೀಸೆಯ ಮರೆಯಲ್ಲಿ ನಕ್ಕ. ನಗೆ ಇಳಿಯುವವರೆಗೆ ಚೋಟು ವಕೀಲೆ ಕಾದಳು. ಆಮೇಲೆ ದನಿ ತಗ್ಗಿಸಿ, ಮನೆಯಲ್ಲಿ ತಂಗಿಯನ್ನು ಕೇಳುವಂತೆ ಕೇಳಿದಳು.

“‘ಇವರು’ ಅಂದರೆ ಯಾರಮ್ಮಾ?”

ಮೇಲ್ಮನೆಯವಳು ರವಿಕೆಯ ತೋಳನ್ನು ಇನ್ನಷ್ಟು ಕೆಳಗೆ ಎಳೆದುಕೊಂಡಳು.

“ಇವರು ಅಂದ್ರೆ... ಓನರು.”

“ನಿಮ್ಮ ಯಜಮಾನರು ‘ನನ್ನ ಗಂಡ’. ಪಕ್ಕದಲ್ಲೇ ನಿಂತಿರೋ ವಕೀಲರು ‘ಅವರು’. ಓನರೊಬ್ಬರೇ ‘ಇವರು’. ಬೆಳಗ್ಗೆ ಫೋನ್ ಹಿಡ್ಕೊಂಡು ಆಚೆ ಹೋಗಿದ್ರಲ್ಲ, ಆಗಲೂ ‘ಇವರಿಗೆ ಧೂಳು ಆಗಲ್ಲ’ ಅಂದ್ರಿ. ಕಣ್ಣೆದುರು ಇಲ್ಲದ ಗಂಡಸನ್ನ ಹೆಂಗಸರು ಯಾವಾಗ ಇವರು ಅಂತಾರೆ, ನೀವೇ ಹೇಳಿ.”

“ಸ್ವಾಮಿ,” ಗಂಟೆ ವಕೀಲರ ದನಿಗೆ ಕಿಟಕಿ ಗಾಜು ಅದುರಿತು. “ಬೆಳಗಿನ ದಾಖಲೆ ನೋಡಿ. ಇವರು ಅನ್ನೋ ಪದವೇ ಇಲ್ಲ. ಎದುರುದಾರರು ಅಂತಿದೆ.”

ನ್ಯಾಯಾಧೀಶರು ಹಾಳೆ ಎತ್ತಿಕೊಂಡು ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. ಹಾಳೆ ಕೆಳಗಿಟ್ಟರು.

“ಅದು ನನ್ನ ಪದ ವಕೀಲರೇ. ಸಾಕ್ಷಿಯದ್ದಲ್ಲ. ಸಾಕ್ಷಿ ಇವರು ಅಂದದ್ದು ನನಗೂ ಈಗ ನೆನಪಾಗ್ತಿದೆ.” ಟೈಪಿಸ್ಟನ ಕಡೆ ತಿರುಗಿದರು. “ಇನ್ನು ಮುಂದೆ ಆಕೆ ಅಂದದ್ದನ್ನ ಅಂದ ಹಾಗೇ ಬರೀರಿ.”

“ಒಂದು ಸರ್ವನಾಮ ಹಿಡ್ಕೊಂಡು ಒಬ್ಬ ಮರ್ಯಾದಸ್ಥನ...”

“ನಮ್ಮನೇಲಿ ನನ್ನನ್ನೂ ಹಾಗೇ ಅಂತಾರೆ. ನಿಮ್ಮನ್ನ ಏನಂತಾರೆ?”

ಈ ಸಲ ನಗೆ ನಿಲ್ಲಿಸಲು ದಲಾಯತನೇ ಗಂಟಲು ಸರಿಮಾಡಬೇಕಾಯಿತು.

ಮೇಲ್ಮನೆಯವಳು ನಗಲಿಲ್ಲ. ಅವಳ ಕಣ್ಣು ಟೈಲರಮ್ಮನ ಗಂಡನ ಕಡೆ ಹೋಗಿತ್ತು. ಏನು ಹೇಳಲಿ, ಹೇಳಿಕೊಡಿ ಎನ್ನುವ ಆ ನೋಟವನ್ನು ರಕ್ಷಣಾಧಿಕಾರಿ ಬಲ್ಲಳು. ಸಾರಿಗೆ ಉಪ್ಪು ಹೆಚ್ಚಾದಾಗ, ಹಾಲು ಉಕ್ಕಿದಾಗ, ಬಾಗಿಲು ತೆಗೆಯಲು ತಡವಾದಾಗ ಹೆಂಗಸರು ಹಾಗೆ ನೋಡುತ್ತಾರೆ. ಇವತ್ತು ಅವನ ಮುಖ ಹೇಗಿದೆ ಎಂಬುದರ ಮೇಲೆ ಅವರ ಇಡೀ ದಿನ ನಿಂತಿರುತ್ತದೆ.

ಅವನು ಎದ್ದು ನಿಂತ. ಅವನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಬಹುಶಃ ಗೆಲ್ಲುತ್ತಿದ್ದನೇನೋ.

“ಸ್ವಾಮಿ, ಇವಳು ಯಾರು ಅಂತಾನೇ ನನಗೆ ಸರಿಯಾಗಿ ಗೊತ್ತಿಲ್ಲ. ಬಾಡಿಗೆಗೆ ಇದ್ದಾಳೆ ಅಷ್ಟೇ. ತಲೆ ನೆಟ್ಟಗಿಲ್ಲ, ಬಾಯಿಗೆ ಬಂದದ್ದು ಅಂತಾಳೆ. ಇಂಥವಳ ಹೆಸರಿಗೆ ನನ್ನನ್ನ ತಗಲಿಸಬೇಡಿ.”

ಮೇಲ್ಮನೆಯವಳು ಕಟ್ಟೆಯ ಮರವನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಬೀಳುತ್ತಾಳೇನೋ ಎಂದು ರಕ್ಷಣಾಧಿಕಾರಿ ಅರ್ಧ ಎದ್ದಳು. ಬೀಳಲಿಲ್ಲ. ಬೆನ್ನು ನೆಟ್ಟಗಾಯಿತು. ಅವಳು ಅವನ ಮೇಲಿದ್ದ ಕಣ್ಣು ಕಿತ್ತು ಟೈಪಿಸ್ಟನ ಕಡೆ ತಿರುಗಿದಳು.

“ಬರ್ಕೊಳ್ಳಿ ಅಣ್ಣ. ಇವರು ಅಲ್ಲ. ಅವನು. ಅವನು ಅಂತಾನೇ ಬರ್ಕೊಳ್ಳಿ.”

ಕೀಲಿಗಳು ಬಡಿದವು.

“ಆವತ್ತು ಸಂಜೆ ಅವನು ಮನೇಲಿರಲಿಲ್ಲ. ಕತ್ತಲಾದ ಮೇಲೆ ಬಂದ. ಶರ್ಟಿನ ತುಂಬ ದಾರದ ಚೂರು, ಬಣ್ಣಬಣ್ಣದ್ದು. ಒಗೆದವಳು ನಾನೇ. ಮಷೀನಿನ ಬೆಲ್ಟು ಹೇಗೆ ಪಟ್ ಅಂತ ಹೋಯ್ತು ಅಂತ ಊಟ ಮಾಡ್ತಾ ಹೇಳಿ ನಕ್ಕ. ನಾನೂ ನಕ್ಕೆ ಸ್ವಾಮಿ. ನಗದಿದ್ರೆ ಏನಾಗುತ್ತೆ ಅಂತ ಆ ಅಕ್ಕನಿಗೆ ಗೊತ್ತು.”

ಟೈಲರಮ್ಮನ ಕಡೆ ಅವಳು ಬೆರಳು ತೋರಲಿಲ್ಲ. ಆದರೂ ಎಲ್ಲರ ತಲೆಯೂ ಆ ಕಡೆ ತಿರುಗಿತು.

ಪ್ರಮಾಣ ಮಾಡಿ ಸುಳ್ಳು ಹೇಳಿದ್ದಕ್ಕೆ ಅವಳ ಮೇಲೂ ಕ್ರಮ ಆಗಬಹುದೆಂದು ನ್ಯಾಯಾಧೀಶರು ಎಚ್ಚರಿಸಿದರು. ಗೊತ್ತು ಎಂದಳು. ಬಲವಂತದಿಂದ ಹೇಳುತ್ತಿದ್ದೀಯಾ ಎಂದು ಕೇಳಿದರು. ಬೆಳಗ್ಗೆ ಹೇಳಿದ್ದು ಬಲವಂತದಿಂದ ಎಂದಳು. ಇಳಿಯಲು ಹೇಳಿದಾಗ ಇಳಿಯಲಿಲ್ಲ.

“ಒಂದು ಕೇಳ್ಲಾ ಸ್ವಾಮಿ? ಮದುವೆ ಆಗದೆ ಇದ್ರೂ ಸಿಗುತ್ತಾ ಅದು?”

“ಯಾವುದು?”

“ಆ ಅಕ್ಕನಿಗೆ ಕೊಟ್ಟಿದ್ದೀರಲ್ಲ. ಹತ್ರ ಬರಬಾರದು ಅನ್ನೋ ಆದೇಶ.”

ನ್ಯಾಯಾಧೀಶರು ಉತ್ತರಿಸಲು ಹೊರಟವರು ತಡೆದರು. ಪಕ್ಕದ ಕುರ್ಚಿಯ ಕಡೆ ನೋಡಿದರು. “ರಕ್ಷಣಾಧಿಕಾರಿಗಳೇ, ನೀವೇ ಹೇಳಿ.”

ಬೆಳಗ್ಗೆಯಿಂದ ಬಾಯಿ ಮುಚ್ಚಿ ಕೂತಿದ್ದವಳು ಎದ್ದು ನಿಂತಳು. ಹೇಳಬೇಕಾದ ಮಾತುಗಳು ಎಷ್ಟೋ ಇದ್ದವು. ಬೇಕಾದ್ದು ಒಂದೇ ಆಗಿತ್ತು.

“ಸಿಗುತ್ತಮ್ಮ. ಒಂದೇ ಮನೆಯಲ್ಲಿ ಗಂಡ ಹೆಂಡಿರ ಹಾಗೆ ಬಾಳಿದ್ರೆ ಸಾಕು.”

* * *

ಆದೇಶವನ್ನು ನ್ಯಾಯಾಧೀಶರು ಆಗಲೇ ಓದಿ ಹೇಳಿದರು. ಎದುರುದಾರನು ಅರ್ಜಿದಾರಳ ಹತ್ತಿರ, ಅವಳ ಕೋಣೆಯ ಹತ್ತಿರ, ಮಗಳ ಶಾಲೆಯ ಹತ್ತಿರ ಸುಳಿಯಕೂಡದು. ವಾಸದ ಮನೆ ಅರ್ಜಿದಾರಳಿಗೂ ಮಗಳಿಗೂ ಸೇರತಕ್ಕದ್ದು. ಎದುರುದಾರನು ತನ್ನ ಸಾಮಾನುಗಳನ್ನೆಲ್ಲ ತೆಗೆದುಕೊಂಡು ಇಂದು ಸಂಜೆಯೊಳಗೆ ಮನೆ ತೆರವು ಮಾಡಿ ಕೀಲಿಕೈಯನ್ನು ಠಾಣೆಗೆ ಒಪ್ಪಿಸಬೇಕು. ಆದೇಶ ಮುರಿದ ಪ್ರಕರಣ ಪ್ರತ್ಯೇಕವಾಗಿ ನಡೆಯುವುದು.

ಅವನು ಪ್ರತಿಗೆ ಸಹಿ ಹಾಕಿ, ತನ್ನ ವಕೀಲರನ್ನೂ ಕಾಯದೆ, ಸರಸರನೆ ಹೊರಟುಹೋದ. ಸೋತ ಗಂಡಸಿನ ಬೆನ್ನು ನೋಡುವುದು ಇಷ್ಟು ಹಿತವಾಗಿರುತ್ತದೆಂದು ರಕ್ಷಣಾಧಿಕಾರಿಗೆ ಗೊತ್ತಿರಲಿಲ್ಲ.

ವರಾಂಡದಲ್ಲಿ ಚೋಟು ವಕೀಲೆ ಕೋಟು ಬಿಚ್ಚಿ ಗಾಳಿ ಹಾಕಿಕೊಂಡಳು. ಗಂಟೆ ವಕೀಲರು ಅವಳ ಪಕ್ಕದಲ್ಲೇ ಹಾದುಹೋಗುತ್ತ, “ಅಲ್ಲಮ್ಮ, ವ್ಯಾಕರಣ ಎಲ್ಲಿ ಓದಿದ್ದು?” ಎಂದು ಮೊದಲ ಸಲ ಮೆಲುದನಿಯಲ್ಲಿ ಕೇಳಿದರು.

ಟೈಲರಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯುತ್ತಿರಲಿಲ್ಲ. “ಮಗಳು ಸ್ಕೂಲಿಂದ ಬರ್ತಾಳೆ ಅಕ್ಕ. ಏನಂತ ಹೇಳ್ಲಿ?”

“ಬ್ಯಾಗು ಇಳಿಸಬೇಡ, ಮನೆಗೆ ಹೋಗೋಣ ಅಂತ ಹೇಳು.”

ರಕ್ಷಣಾಧಿಕಾರಿಯ ಕೋಣೆ ಕೋರ್ಟಿನ ಹಿಂಭಾಗದಲ್ಲಿತ್ತು. ಒಂದು ಮೇಜು, ಎರಡು ಕುರ್ಚಿ, ಗೇಟಿನ ಕಡೆಗೆ ಒಂದು ಕಿಟಕಿ. ಮೇಲ್ಮನೆಯವಳು ಕುರ್ಚಿಯ ಅಂಚಿನಲ್ಲಿ ಕೂತು ಒಂದು ಲೋಟ ನೀರನ್ನು ಒಂದೇ ಗುಟುಕಿಗೆ ಕುಡಿದಳು. ಟೈಲರಮ್ಮ ಬಾಗಿಲಲ್ಲಿ ನಿಂತಿದ್ದಳು. ಆಕೆಗೆ ನೀರು ತಂದುಕೊಟ್ಟವಳು ಅವಳೇ.

“ಇವತ್ತು ನೀನು ಅಲ್ಲಿಗೆ ಹೋಗೋದು ಬೇಡ,” ಎಂದಳು ರಕ್ಷಣಾಧಿಕಾರಿ. “ನಿನ್ನ ಸಾಮಾನು ಪೊಲೀಸರ ಜೊತೆ ಹೋಗಿ ತರೋಣ. ಏನೇನಿದೆ?”

“ನನ್ನದೇನಿಲ್ಲ ಮೇಡಂ. ಒಂದು ಚೀಲ. ಬೀರುವಿನಲ್ಲಿರೋದು ನನ್ನದಲ್ಲ.”

“ಅವನದ್ದಾ?”

“ಹೆಂಗಸಿನದ್ದು. ಸೀರೆ, ಚಪ್ಪಲಿ. ಒಂದು ಕನ್ನಡಕ. ನಿನಗಿಂತ ಮುಂಚೆ ಇದ್ದವಳದ್ದು, ಮುಟ್ಟಬೇಡ ಅಂದಿದ್ದ.”

“ಮೇಲ್ಮನೆಯಲ್ಲಾ?” ಟೈಲರಮ್ಮ ಒಳಗೆ ಬಂದಳು. “ಅಲ್ಲಿ ಯಾರೂ ಇರಲಿಲ್ಲ. ನಾನು ಆ ಮನೇಲಿ ಇದ್ದಷ್ಟು ಕಾಲವೂ ಅದಕ್ಕೆ ಬೀಗ. ಹಳೇ ಸಾಮಾನು ತುಂಬಿದೆ, ಮೇಲೆ ಹತ್ತಬೇಡ ಅಂತಿದ್ದ.”

“ಸೀರೆ ಬಿಟ್ಟು ಹೋಗಬಹುದು, ಚಪ್ಪಲಿ ಬಿಟ್ಟು ಹೋಗಬಹುದು,” ಎಂದಳು ಮೇಲ್ಮನೆಯವಳು. “ನಾನು ಕನ್ನಡಕದ ಅಂಗಡೀಲಿ ಕೆಲಸ ಮಾಡೋಳು ಮೇಡಂ. ಆ ಗ್ಲಾಸು ಇಷ್ಟು ದಪ್ಪ ಇದೆ. ಅದಿಲ್ಲದೆ ಅವಳಿಗೆ ಮೆಟ್ಟಿಲೂ ಕಾಣಲ್ಲ. ಅದನ್ನ ಬಿಟ್ಟು ಹೇಗೆ ಇಳಿದು ಹೋದ್ಲು?”

ಟೈಲರಮ್ಮ ಮೇಜಿನ ಅಂಚು ಹಿಡಿದುಕೊಂಡಳು. ಮುಖದಲ್ಲಿದ್ದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿದಂತಿತ್ತು.

“ಪೈಪಿನಲ್ಲಿ ನೀರು ಬರೋ ಸದ್ದು ಅಂತಿದ್ದ,” ಎಂದಳು.

“ಎಂಥ ಸದ್ದು?”

“ಮೇಲೆ. ನಾನು ಒಬ್ಬಳೇ ಇದ್ದಾಗ. ಮೆಲ್ಲಗೆ, ನಿಂತು ನಿಂತು... ಗೋಡೆ ತಡವಿಕೊಂಡು ಯಾರೋ ನಡೆದ ಹಾಗೆ.”

ರಕ್ಷಣಾಧಿಕಾರಿ ಕಿಟಕಿಯ ಹತ್ತಿರ ಓಡಿದಳು. ಗೇಟಿನ ಬಳಿ ಅವನ ಸ್ಕೂಟರು ನಿಂತಿದ್ದ ಜಾಗ ಖಾಲಿಯಾಗಿತ್ತು. ಸಂಜೆಯೊಳಗೆ, ಬೀರುವಿನಲ್ಲಿದ್ದ ಆ ಕನ್ನಡಕವೂ ಸೇರಿ, ಎಲ್ಲವನ್ನೂ ತೆಗೆದುಕೊಂಡು ಮನೆ ಖಾಲಿ ಮಾಡಬೇಕೆಂದು ನ್ಯಾಯಾಲಯವೇ ಅವನನ್ನು ಕಳಿಸಿತ್ತು.